ಬಂದಳಿಕೆ ಅಂದಿದ್ದು ಯಾರಿಗೆ?

ನಮ್ಮ ಫ್ಯಾಮಿಲಿ ಗ್ರೂಪಿನ ಹೆಸರು 'ಮೂಡಿಗೆರೆ ಮನೆಯವರು'. ಅದರಲ್ಲಿ ಮೂಡಿಗೆರೆ ಕಡೆ ಉಳಿದಿರುವುದು ಚಿಕ್ಕಪ್ಪನ ಸಂಸಾರ ಒಂದೇ. ಮಿಕ್ಕವರು ಹಾಸನ, ಬೇಲೂರು, ಸಕಲೇಶಪುರ, ಕಡೂರು, ಬೆಂಗಳೂರು ಅಂತ ಒಂದೊಂದು ದಿಕ್ಕು. ಆಸ್ತಿ ವಿಷಯ ಇಲ್ಲಿ ಎತ್ತಬಾರದು ಅಂತ ಗ್ರೂಪ್ ಮಾಡಿದ ದಿನವೇ ದೊಡ್ಡಪ್ಪ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ನಾವು ಆಸ್ತಿ ವಿಷಯವನ್ನು ಬೇರೆ ಬೇರೆ ಹೆಸರಿನಲ್ಲಿ ಮಾತಾಡುತ್ತೇವೆ. ಈ ಮೇ ತಿಂಗಳಲ್ಲಿ ಅದು ಜೀವಶಾಸ್ತ್ರದ ಹೆಸರಿನಲ್ಲಿ ನಡೆಯಿತು.

ಶುರು ಮಾಡಿದ್ದು ಸಕಲೇಶಪುರದ ಚಿಕ್ಕಮ್ಮ. ಪಾಪ, ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಮಗ ಜೂನ್‌ಗೆ ಹತ್ತನೇ ಕ್ಲಾಸು. ಅವರ ಟೆನ್ಷನ್ನಿಗೆ ತಕ್ಕ ಹಾಗೆ ಯಾವುದೋ ಗ್ರೂಪಿನಿಂದ ಉದ್ದನೆಯ ಮೆಸೇಜ್ ಬಂದಿತ್ತು. ಕಾಫಿ ಕುಡಿಯುವ ಮೊದಲೇ ಅದನ್ನು ನಮಗೆ ದಾಟಿಸಿದರು.

"ಎಸ್ಸೆಸ್ಸೆಲ್ಸಿ ಮಕ್ಕಳಿಗೆ ತಪ್ಪದೇ ಓದಿಸಿ!! ಜೀವಶಾಸ್ತ್ರ ಮತ್ತು ಪರಿಸರದ ಮುಖ್ಯ ಪದಗಳು. ಹತ್ತು ಜನಕ್ಕೆ ಕಳಿಸಿ, ಒಂದು ಮಗುವಿನ ಭವಿಷ್ಯ ಉಳಿಸಿ."

ಕೆಳಗೆ ಪದಗಳ ಸಾಲು. ಉತ್ಪಾದಕ ಅಂದರೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಹಸಿರು ಗಿಡ. ಭಕ್ಷಕ ಅಂದರೆ ಅದನ್ನು ತಿನ್ನುವ ಪ್ರಾಣಿ, ಮತ್ತೆ ಆ ಪ್ರಾಣಿಯನ್ನು ತಿನ್ನುವ ಪ್ರಾಣಿ. ವಿಘಟಕ ಅಂದರೆ ಸತ್ತಿದ್ದನ್ನು ಕೊಳೆಸಿ ಮಣ್ಣಿಗೆ ಸೇರಿಸುವ ಅಣಬೆ, ಬ್ಯಾಕ್ಟೀರಿಯಾ. ಆಹಾರ ಸರಪಳಿ, ಆಹಾರ ಜಾಲ, ಆವಾಸ, ಸಹಜೀವನ. ಇಷ್ಟೂ ಸರಿಯಾಗಿಯೇ ಇತ್ತು. ನಾನು ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಇಂಥ ಪಟ್ಟಿ ವರ್ಷಕ್ಕೆ ಎಷ್ಟೋ ಕಣ್ಣಿಗೆ ಬೀಳುತ್ತವೆ. ಇದು ಅಷ್ಟೇನೂ ಕೆಟ್ಟದ್ದಲ್ಲ. ಕೆಟ್ಟಿದ್ದು ಎರಡೇ ಕಡೆ.

"ಪರಾವಲಂಬಿ: ಬೇರೆ ಮರದ ಮೇಲೆ ಕೂತು ಅದರ ಸಾರ ಹೀರಿ ಬದುಕುವ ಗಿಡ. ಉದಾ: ಬಂದಳಿಕೆ, ಸೀತಾಳೆ ದಂಡೆ. ಇವನ್ನು ಕಿತ್ತು ಹಾಕಿದರೆ ಮಾತ್ರ ಮರ ಉಳಿಯುತ್ತದೆ."

"ಸ್ಥಳೀಯ ಪ್ರಭೇದ: ಒಂದು ಊರಿನಲ್ಲಿ ಮೊದಲಿನಿಂದಲೂ ತಾನಾಗಿ ಬೆಳೆಯುವ ಗಿಡ. ಉದಾ: ಕಾಫಿ, ಸಿಲ್ವರ್ ಓಕ್."

ಎರಡನೆಯದನ್ನು ಆಗ ಯಾರೂ ಓದಲಿಲ್ಲ. ಮೊದಲನೆಯದನ್ನು ಬೇಲೂರು ಅತ್ತೆ ಓದಿದರು.

"ಪರಾವಲಂಬಿ ಅಂದ್ರೆ ಏನು ಅಂತ ಎಲ್ಲರೂ ಓದ್ಕೊಳ್ಳಿ. ನಮ್ಮ ಮನೆತನದಲ್ಲೂ ಇದಾವೆ." ಪಕ್ಕದಲ್ಲಿ ನಕ್ಕು ನಕ್ಕು ಕಣ್ಣೀರು ಸುರಿಸುವ ಮುಖಗಳು.

ಯಾರಿಗೆ ಅಂತ ಎಲ್ಲರಿಗೂ ಗೊತ್ತಾಯಿತು. ತಾತ ಹೋದ ಮೇಲೆ ತೋಟದ ಮನೆಯಲ್ಲಿ ಉಳಿದವರು ಚಿಕ್ಕಪ್ಪ. ಬೇರೆ ಕೆಲಸಕ್ಕೆ ಹೋದವರಲ್ಲ. ತೋಟ ಇನ್ನೂ ಪಾಲಾಗಿಲ್ಲ. ವರ್ಷಕ್ಕೊಮ್ಮೆ ಎಲ್ಲರ ಮನೆಗೂ ಕಾಫಿಪುಡಿ, ಕಾಳುಮೆಣಸು ಕಳಿಸುತ್ತಾರೆ. ತವರಿನಿಂದ ತನಗೆ ಸಿಕ್ಕಿದ್ದು ಆ ಪೊಟ್ಟಣ ಮಾತ್ರ ಅನ್ನುವುದು ಅತ್ತೆಯ ಲೆಕ್ಕ.

"ಹೆಸರು ಹಿಡಿದು ಮಾತಾಡಕ್ಕ," ಅಂದರು ಚಿಕ್ಕಪ್ಪ.

"ನಾನು ಗಿಡದ ವಿಷಯ ಹೇಳಿದ್ದಪ್ಪ. ನಿಂಗ್ಯಾಕೆ ಚುಚ್ಚಿತು?"

"ಗಿಡದ್ದೇ ಆದ್ರೆ ಗೋಣಿ ಮರದ್ದೂ ಮಾತಾಡೋಣ. ಹಕ್ಕಿ ಹಿಕ್ಕೆಯಲ್ಲಿ ಬೀಜ ಬರುತ್ತೆ. ಕೊಂಬೆ ಸಂದಿಯಲ್ಲಿ ಏನೂ ಗೊತ್ತಿಲ್ಲದ ಹಾಗೆ ಕೂತಿರುತ್ತೆ. ಆಮೇಲೆ ಬೇರು ನೆಲಕ್ಕೆ ಇಳಿಬಿಟ್ಟು ಕೂತ ಮರಾನೇ ತಬ್ಬಿ ಮುಗಿಸುತ್ತೆ. ಅದು ಯಾರು ಅಂತ ನಾನು ಹೇಳಲ್ಲ."

ಇದು ದೊಡ್ಡಪ್ಪನಿಗೆ. ಹಾಸನದ ಸೈಟು ತಾತನ ಹೆಸರಿನಿಂದ ದೊಡ್ಡಪ್ಪನ ಹೆಸರಿಗೆ ಹೇಗೆ ಬಂತು ಅನ್ನುವುದು ನಮ್ಮಲ್ಲಿ ತೀರದ ಕಥೆ. ಅಂದ ಹಾಗೆ, ಗೋಣಿ ಬಗ್ಗೆ ಚಿಕ್ಕಪ್ಪ ಬರೆದದ್ದು ಪೂರ್ತಿ ಸರಿ. ನನ್ನ ಕ್ಲಾಸಿನಲ್ಲಿ ಯಾರಾದರೂ ಹೀಗೆ ಬರೆದರೆ ಒಂದು ಅಂಕವನ್ನೂ ಕಳೆಯುವುದಿಲ್ಲ.

ದೊಡ್ಡಪ್ಪ ಟೈಪ್ ಮಾಡುವುದು ನಿಧಾನ. 'ಟೈಪಿಂಗ್' ಅಂತ ತೋರಿಸುತ್ತಲೇ ಇತ್ತು. ಕೊನೆಗೆ ಬಂತು. "ಹಿರಿಯರು ಬಾಳಿ ಬದುಕಿದ ಮನೆ ನಮ್ಮದು. ಗ್ರೂಪಿನಲ್ಲಿ ಇಂಥ ಮಾತು ಶೋಭೆಯಲ್ಲ. ನಾವು ಲಾಟೀನು ಬೆಳಕಲ್ಲಿ ಓದಿದವರು. ಆಗ ಪಟ್ಟಿಯೂ ಇರಲಿಲ್ಲ, ಟ್ಯೂಷನ್ನೂ ಇರಲಿಲ್ಲ, ಸಂಸ್ಕಾರ ಇತ್ತು. ಮಕ್ಕಳಿಗೆ ಅದನ್ನು ಕಲಿಸಿ. ಆದರೆ ಸಿಲ್ವರ್ ಮಾರಿದಾಗ ನನಗೆ ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು."

ಆ 'ಆದರೆ' ಬರುವವರೆಗೆ ಜಗಳ ಇಬ್ಬರದಾಗಿತ್ತು. ಆಮೇಲೆ ಎಲ್ಲರದೂ ಆಯಿತು. ತೋಟದ ಕೆಳಗಿನ ಭಾಗದ ಸಿಲ್ವರ್ ಮರಗಳನ್ನು ಚಿಕ್ಕಪ್ಪ ಮಾರಿದ್ದು ಎಲ್ಲರಿಗೂ ಗೊತ್ತು. ಎಷ್ಟಕ್ಕೆ ಅನ್ನುವುದು ಯಾರಿಗೂ ಗೊತ್ತಿಲ್ಲ.

ಬೆಂಗಳೂರಿನ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಅಪ್ಪ ಸಿಕ್ಕಿಹಾಕಿಕೊಂಡಾಗಲೆಲ್ಲ ವಿಜ್ಞಾನದ ಕಡೆ ತಿರುಗುತ್ತಾನೆ. "ಮೊದಲು ಈ ಪಟ್ಟಿಗೆ ಸೋರ್ಸ್ ಎಲ್ಲಿ? ಯಾರು ಬರೆದಿದ್ದು? ಸಿಲ್ವರ್ ಓಕ್ ಸ್ಥಳೀಯ ಅಂತ ಬರೆದಿದಾರೆ. ಅದು ಆಸ್ಟ್ರೇಲಿಯಾದ ಮರ. ಕಾಫಿನೂ ನಮ್ಮದಲ್ಲ, ಇಥಿಯೋಪಿಯಾದ್ದು."

"ಮರ ಎಲ್ಲಿಂದಾದ್ರೂ ಬಂದಿರಲಿ, ಮಾರಿದ್ದು ಮೂಡಿಗೆರೆಯಲ್ಲಿ," ಅಂದರು ಅತ್ತೆ.

ಅಣ್ಣ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಯೆಮೆನ್‌ನಿಂದ ಏಳು ಬೀಜ ತಂದ ಬಾಬಾಬುಡನ್ ಕಥೆಯನ್ನು ನಮ್ಮ ಜಿಲ್ಲೆಯ ಮಕ್ಕಳು ಕೇಳಿಕೊಂಡೇ ಬೆಳೆಯುತ್ತಾರೆ. ಆದರೂ ಕಾಫಿ ಹೊರಗಿನದು ಅಂದರೆ ನಮ್ಮವರಿಗೆ ಸಿಟ್ಟು ಬರುತ್ತದೆ. ಚಿಕ್ಕಮ್ಮನಿಗೂ ಬಂತು. "ನಾನು ಮಗನ ಓದಿಗೆ ಅಂತ ಹಾಕಿದ್ದು. ಇಲ್ಲಿ ಕೋರ್ಟ್ ನಡೀತಿದೆ. ನಿಂಗೆ ಸೋರ್ಸ್ ಬೇಕಲ್ವಾ? ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೋ ಫಸ್ಟ್ ಪ್ರೈಜ್ ಕೊಟ್ಟಿದೆ ಅಂತ ನೀನು ಕಳಿಸಿದ್ಯಲ್ಲ, ಅದಕ್ಕೆ ಯಾವ ಸೋರ್ಸ್ ಇತ್ತು?"

ಯುನೆಸ್ಕೋ ಅಂಥ ಬಹುಮಾನ ಯಾವತ್ತೂ ಕೊಟ್ಟಿಲ್ಲ. ಅಣ್ಣ ಸ್ವಲ್ಪ ಹೊತ್ತು ಕಾಣಲಿಲ್ಲ.

ಆ ಗ್ಯಾಪಿನಲ್ಲಿ ಕಡೂರಿನ ಭಾವ ನುಗ್ಗಿದರು. ಅವರಿಗೆ ಪಟ್ಟಿಯಲ್ಲಿ ಕಂಡದ್ದು ಅಣಬೆ ಒಂದೇ. "ಅಣಬೆ ಅಂದ ಕೂಡಲೇ ನೆನಪಾಯ್ತು ನೋಡಿ. ಮದುವೆ ಆದ ಹೊಸದರಲ್ಲಿ ತೋಟದ ಮನೆಗೆ ಬಂದಿದ್ದೆ. ಗುಡುಗು ಬಂದ ಮಾರನೇ ದಿನ ಹುತ್ತದ ಹತ್ರ ಅಣಬೆ ಎದ್ದಿತ್ತು. ಅಜ್ಜಿ ಸಾರು ಮಾಡಿ ಅಕ್ಕಿರೊಟ್ಟಿ ಜೊತೆ ಕೊಟ್ಟಿದ್ರು. ಆ ರುಚಿ ಮತ್ತೆಲ್ಲೂ ಸಿಗಲಿಲ್ಲ. ಕಳಲೆ ಪಲ್ಯನೂ ಇತ್ತು. ಹೊಳೆ ಏಡಿ ಬೇರೆ." ಇದಕ್ಕೆ ಬಿದ್ದಷ್ಟು ಹಾರ್ಟು ಆ ದಿನ ಬೇರೆ ಯಾವ ಮೆಸೇಜಿಗೂ ಬೀಳಲಿಲ್ಲ. ಐದೇ ನಿಮಿಷದಲ್ಲಿ ಏಡಿ ಸಾರಿಗೆ ಹುಣಸೆಯೋ ವಾಟೆಹುಳಿಯೋ ಅನ್ನುವ ಚರ್ಚೆ ಹತ್ತಿಕೊಂಡಿತು.

ನಿಜ ಹೇಳಬೇಕೆಂದರೆ ಪಟ್ಟಿಯಲ್ಲಿ ಮಾತಾಡಲು ಯೋಗ್ಯವಾದದ್ದು ಆ ಅಣಬೆಯೇ. ಹುತ್ತದ ಅಣಬೆ ಬರೀ ವಿಘಟಕ ಅಲ್ಲ. ಗೆದ್ದಲು ಹುಳುಗಳೇ ಅದನ್ನು ಹುತ್ತದೊಳಗೆ ಸಾಕುತ್ತವೆ. ಒಣಗಿದ ಎಲೆ, ಕಡ್ಡಿ ತಂದು ಹಾಕುತ್ತವೆ. ಶಿಲೀಂಧ್ರ ಅದನ್ನು ಮೆತ್ತಗೆ ಮಾಡಿ ಕೊಡುತ್ತದೆ, ಗೆದ್ದಲು ತಿನ್ನುತ್ತವೆ. ಮಳೆ ಬಿದ್ದಾಗ ಮೇಲೆ ಕೊಡೆ ಬಿಚ್ಚುವುದು ಆ ಶಿಲೀಂಧ್ರದ ಹೂವು ಅನ್ನಬಹುದು. ಒಂದೇ ಹುತ್ತದಲ್ಲಿ ವಿಘಟನೆಯೂ ಇದೆ, ಸಹಜೀವನವೂ ಇದೆ. ಇದನ್ನು ಬರೆದು ಕಳಿಸೋಣ ಅಂದುಕೊಳ್ಳುವಷ್ಟರಲ್ಲಿ ಅತ್ತೆ ಮತ್ತೆ ಬಂದರು. ಅವರು ಪಟ್ಟಿಯನ್ನು ಇನ್ನೂ ಕೆಳಗೆ ಓದಿದ್ದರು.

"ಆಹಾರ ಸರಪಳಿಯಲ್ಲಿ ಒಂದು ಹಂತದಿಂದ ಮೇಲಿನ ಹಂತಕ್ಕೆ ಹೋಗೋದು ಶೇ 10 ಶಕ್ತಿ ಮಾತ್ರ ಅಂತೆ. ಅಪ್ಪನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಅಷ್ಟೂ ಬರಲಿಲ್ಲ."

ರೇಮಂಡ್ ಲಿಂಡೆಮನ್ ಅನ್ನುವ ಅಮೆರಿಕದ ಹುಡುಗ ಒಂದು ಸಣ್ಣ ಕೆರೆಯಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಅಂತ ವರ್ಷಗಟ್ಟಲೆ ಲೆಕ್ಕ ಹಾಕಿದ. 1942ರಲ್ಲಿ ಲೇಖನ ಅಚ್ಚಾಗುವ ಮೊದಲೇ ತೀರಿಕೊಂಡ. ಈಗ ಪುಸ್ತಕದಲ್ಲಿರುವ ಶೇ 10ರ ಮಾತಿನ ಬೇರು ಅವನ ಲೆಕ್ಕದಲ್ಲಿದೆ. ಅದು ಬರೀ ಅಂದಾಜು, ಕೆಲವು ಕಡೆ ಕಡಿಮೆ, ಕೆಲವು ಕಡೆ ಜಾಸ್ತಿ. ಬೇಲೂರಿನಲ್ಲಿ ಕೂತು ಅದನ್ನು ಹೀಗೂ ಬಳಸುತ್ತಾರೆ ಅಂತ ಅವನು ಕನಸಲ್ಲೂ ಎಣಿಸಿರಲಿಕ್ಕಿಲ್ಲ. "2005ರ ಕಾನೂನಿನ ಪ್ರಕಾರ ಹೆಣ್ಣುಮಕ್ಕಳಿಗೂ ಸಮಪಾಲು," ಅಂತ ಬೆಂಗಳೂರು ಅಣ್ಣ ಮರಳಿ ಬಂದ. ಅವರಪ್ಪ ಅದಕ್ಕೆ ಕೈಮುಗಿದ ಚಿತ್ರ ಹಾಕಿದರು. ಒಪ್ಪಿಗೆಯೋ, ಸುಮ್ಮನಿರು ಅಂತಲೋ ತಿಳಿಯಲಿಲ್ಲ.

ಆಗ ಚಿಕ್ಕಮ್ಮನಿಂದ ಒಂದು ಸಾಲು. "ನಮ್ಮ ಹುಡುಗ ಪಟ್ಟಿ ಓದಿ ಮನೆ ಮುಂದಿನ ಹಲಸಿನ ಮರದಿಂದ ಸೀತಾಳೆ ಕೀಳ್ತಾ ಇದಾನೆ. ಒಳ್ಳೇದೇ ಅಲ್ವಾ?"

ನಾನು ಊಟ ಬಿಟ್ಟು ಟೈಪ್ ಮಾಡಿದೆ. ಕೀಳಬೇಡ ಅನ್ನಿ ಚಿಕ್ಕಮ್ಮ. ಸೀತಾಳೆ ಒಂದು ಆರ್ಕಿಡ್, ಪರಾವಲಂಬಿ ಅಲ್ಲ. ಅದಕ್ಕೆ ಮರ ಬೇಕಾಗಿರುವುದು ಕೂರುವುದಕ್ಕೆ. ಹಸಿರು ಎಲೆ ಇದೆ, ಆಹಾರ ತಾನೇ ಮಾಡಿಕೊಳ್ಳುತ್ತದೆ. ಬಿಳಿ ದಪ್ಪ ಬೇರು ತೊಗಟೆ ಮೇಲೆ ಹಬ್ಬಿ ಮಳೆನೀರು, ಮಂಜು ಹೀರುತ್ತದೆ, ಮರದ ಒಳಗೆ ಇಳಿಯುವುದಿಲ್ಲ. ಬಂದಳಿಕೆ ಹಾಗಲ್ಲ. ಅದಕ್ಕೂ ಹಸಿರೆಲೆ ಇದೆ, ಆದರೆ ನೀರು, ಲವಣ ಮರದ್ದೇ ಬೇಕು. ಬೇರು ಕೊಂಬೆಯೊಳಗೆ ಹೊಕ್ಕಿರುತ್ತದೆ, ಹಾಗಾಗಿ ಅರೆ ಪರಾವಲಂಬಿ. ಬೇಲಿ ಮೇಲೆ ಎಲೆಯೂ ಇಲ್ಲದೆ, ನೆಲದಲ್ಲಿ ಬೇರೂ ಇಲ್ಲದೆ ಹಳದಿ ದಾರದ ಹಾಗೆ ಸುತ್ತಿಕೊಳ್ಳುತ್ತದಲ್ಲ ಕಸ್ಕ್ಯೂಟಾ, ಅದು ಪೂರ್ತಿ ಪರಾವಲಂಬಿ.

"ಟೀಚರಮ್ಮನ ಕ್ಲಾಸ್ ಶುರು," ಅಂದರು ಕಡೂರು ಭಾವ. "ಹಂಗಾದ್ರೆ ಸಿಲ್ವರ್ ಮೇಲಿನ ಮೆಣಸಿನ ಬಳ್ಳಿ?" ಅದರ ಬೇರು ಮಣ್ಣಿನಲ್ಲಿದೆ ಭಾವ, ಮರ ಬರೀ ಆಸರೆ ಅಂದೆ.

ಬೆಂಗಳೂರು ಅಣ್ಣನಿಗೆ ಅಷ್ಟರಲ್ಲಿ ಸೋರ್ಸ್ ಸಿಕ್ಕಿತ್ತು. ಹತ್ತನೇ ಕ್ಲಾಸ್ ವಿಜ್ಞಾನ ಪುಸ್ತಕದ ಹಳೇ ಮುದ್ರಣದ ಒಂದು ಪುಟ. ಪರಾವಲಂಬಿಗಳ ಸಾಲಿನಲ್ಲಿ ಆರ್ಕಿಡ್ ಹೆಸರು ಅಚ್ಚಾಗಿದೆ. "ಪುಸ್ತಕದಲ್ಲೇ ಇದೆ. ಇನ್ನೇನು?" ಅಂತ ಗೆದ್ದವನ ಹಾಗೆ ಹಾಕಿದ. ಆಮೇಲಿನ ಮುದ್ರಣದಲ್ಲಿ ಆ ಹೆಸರು ತೆಗೆದಿದ್ದಾರೆ ಅಂತ ನಾನಂದರೆ, "ಹಾಗಾದ್ರೆ ಎರಡರಲ್ಲಿ ಯಾವುದನ್ನ ನಂಬಬೇಕು?" ಅಂದ. ಬೆಳಿಗ್ಗೆಯಿಂದ ಎಲ್ಲರ ಹತ್ತಿರ ಸೋರ್ಸ್ ಕೇಳಿದವನಿಗೆ ಸಿಕ್ಕಿದ ಸೋರ್ಸೇ ತಪ್ಪು. ದೊಡ್ಡಪ್ಪ ಮಗನ ಮೆಸೇಜಿಗೆ ಹೆಬ್ಬೆರಳು ಎತ್ತಿದರು.

ಇಷ್ಟು ಹೊತ್ತು ಸುಮ್ಮನಿದ್ದ ಚಿಕ್ಕಪ್ಪ ಎರಡು ಫೋಟೋ ಹಾಕಿದರು. ಒಂದು ಬಂದಳಿಕೆ ಹಿಡಿದ ಕೊಂಬೆಯದು. ಗಿಡ ಕೂತ ಜಾಗದಲ್ಲಿ ಕೊಂಬೆ ಗಂಟುಗಟ್ಟಿ ಊದಿದೆ. ಗಂಟಿನಿಂದ ಈಚೆಗೆ ದಪ್ಪ, ಆಚೆಗೆ ಒಣಕಲು ಕಡ್ಡಿ. ಇನ್ನೊಂದರಲ್ಲಿ ಹಳೇ ಹಲಸಿನ ಕೊಂಬೆ. ಅದರ ತುಂಬ ಸೀತಾಳೆ. ಬಿಳಿ ಮೇಲೆ ನೇರಳೆ ಚುಕ್ಕಿಯ ಹೂಗೊಂಚಲು ಕೆಳಗೆ ಜೋತಿವೆ. ಕೊಂಬೆಗೆ ಎಲ್ಲೂ ಗಂಟಿಲ್ಲ, ತುದಿಯವರೆಗೂ ಎಲೆ ತುಂಬಿದೆ.

ಜೊತೆಗೊಂದು ವಾಯ್ಸ್ ಮೆಸೇಜ್. ಹಿಂದೆ ನೆರಳಿನ ಮರ ಹತ್ತಿ ಕೊಂಬೆ ಸವರುವವರ ಕೂಗು, ಕತ್ತಿ ಏಟಿನ ಸದ್ದು. "ಇವತ್ತು ಮರಗಸಿ ಮಾಡಿಸ್ತಿದೀನಿ. ಬಂದಳಿಕೆ ಗಿಡ ಮಾತ್ರ ಕಿತ್ರೆ ಮತ್ತೆ ಚಿಗುರುತ್ತೆ. ಗಂಟಿಗಿಂತ ಕೆಳಗೆ ಕೊಂಬೆನೇ ಕಡೀಬೇಕು. ಹಣ್ಣು ತಿನ್ನೋಕೆ ಒಂದು ಪುಟಾಣಿ ಹಕ್ಕಿ ಬರುತ್ತೆ. ಬೀಜ ಅಂಟು, ಹಿಂದೆ ಅಂಟಿಕೊಂಡಿದ್ದನ್ನ ಪಕ್ಕದ ಕೊಂಬೆಗೆ ಒರೆಸಿ ಹೋಗುತ್ತೆ. ಅಲ್ಲಿ ಇನ್ನೊಂದು ಹುಟ್ಟುತ್ತೆ. ಸೀತಾಳೆಗೆ ಮಾತ್ರ ಕತ್ತಿ ತಾಗಿಸಬೇಡಿ ಅಂತ ಮೇಸ್ತ್ರಿಗೆ ಪ್ರತಿ ವರ್ಷ ಹೇಳ್ತೀನಿ. ಅಪ್ಪನೂ ಹೇಳ್ತಿದ್ರು. ಅತ್ತಿಗೆ, ಹುಡುಗ ಕಿತ್ತಿದ್ದನ್ನ ಎಸೀಬೇಡಿ. ಬೇರಿಗೆ ಸ್ವಲ್ಪ ಪಾಚಿ ಇಟ್ಟು, ತೆಂಗಿನ ನಾರಲ್ಲಿ ಅದೇ ಕೊಂಬೆಗೆ ಬಿಗಿಯಾಗಿ ಕಟ್ಟಿಸಿ. ಮಳೆಗಾಲ ಬರ್ತಿದೆ, ಹಿಡ್ಕೊಳ್ಳುತ್ತೆ."

ಇದಕ್ಕೆ ಯಾರೂ ಹಾರ್ಟ್ ಹಾಕಲಿಲ್ಲ. ನಾನೊಬ್ಬಳೇ ಹಾಕಿದೆ. ನನಗೆ ಕೇಳಿದರೆ ಆ ಎರಡು ಫೋಟೋಗಳನ್ನು ಹತ್ತನೇ ಕ್ಲಾಸಿನ ಗೋಡೆಗೆ ಅಂಟಿಸಬೇಕು. ಅವನ್ನು ಕಳಿಸಿದವರಿಗೇ ಬೆಳಿಗ್ಗೆ ಪರಾವಲಂಬಿ ಅಂತ ಹೆಸರು ಬಿದ್ದಿತ್ತು.

ಚಿಕ್ಕಮ್ಮನಿಗೆ ಮಾತ್ರ ಒಂದೇ ಚಿಂತೆ. "ಅದೆಲ್ಲ ಸರಿ, ಪರೀಕ್ಷೆಯಲ್ಲಿ ಉದಾಹರಣೆ ಕೇಳಿದ್ರೆ ಏನು ಬರೀಬೇಕು?" ಬಂದಳಿಕೆ, ಕಸ್ಕ್ಯೂಟಾ, ಹೇನು, ಉಣ್ಣಿ, ಲಾಡಿಹುಳು ಅಂತ ಕೊಟ್ಟೆ. ಪಟ್ಟಿಯನ್ನು ಗ್ರೂಪಿನಿಂದ ತೆಗೆದುಬಿಡಿ ಅಂದೆ. ಆಗಲೇ ಹತ್ತು ಜನಕ್ಕೆ ಕಳಿಸಿಯಾಗಿದೆಯಂತೆ.

ಸಂಜೆ ಅವರ ಕಡೆಯಿಂದ ಒಂದು ಫೋಟೋ ಬಂತು. ಹಲಸಿನ ಕೊಂಬೆಗೆ ಸೀತಾಳೆಯನ್ನು ಹುಡುಗ ತನ್ನ ಹಳೇ ಬನಿಯನ್ ಹರಿದು ಕಟ್ಟಿದ್ದಾನೆ. ನಾರು ಸಿಗಲಿಲ್ಲವಂತೆ.

"ಚೆನ್ನಾಗಿ ಕಟ್ಟಿದಾನೆ ಕಂದ," ಅಂತ ಬರೆದರು ಬೇಲೂರು ಅತ್ತೆ. ಕೆಳಗೇ ಇನ್ನೊಂದು ಸಾಲು. "ಸಿಲ್ವರ್ ಲೆಕ್ಕ ಯಾವಾಗ?"

"ಮಳೆ ಕಳೀಲಿ, ಬಾ ಅಕ್ಕ," ಅಂದರು ಚಿಕ್ಕಪ್ಪ. "ಪುಸ್ತಕ ತೋರಿಸ್ತೀನಿ. ಬರುವಾಗ ಯುನೆಸ್ಕೋ ಹುಡುಗನ್ನೂ ಕರ್ಕೊಂಡು ಬಾ. ಸೋರ್ಸ್ ನೋಡಲಿ."