ಸಹಾಯ ಬೇಕು: ಹಾಯಿಹಡಗಿನ ಭಾಗಗಳಿಗೆ ಕನ್ನಡ ಹೆಸರು

ಎಲ್ಲರಿಗೂ ನಮಸ್ಕಾರ. ಮಗಳ ಶಾಲೆಯ ಪ್ರದರ್ಶನಕ್ಕೆ ಕಟಿ ಸಾರ್ಕ್ ಹಡಗಿನ ಮಾದರಿ ಮಾಡುತ್ತಿದ್ದೇವೆ. 1869ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಹಡಗು. ಚೀನಾದಿಂದ ಲಂಡನ್ನಿಗೆ ಟೀ ಸಾಗಿಸುತ್ತಿತ್ತು, ಈಗ ಗ್ರೀನಿಚ್‌ನಲ್ಲಿ ನಿಂತಿದೆ. ಚೀಟಿಗಳನ್ನೆಲ್ಲ ಕನ್ನಡದಲ್ಲೇ ಬರೆಯಬೇಕು ಅಂತ ಅವಳ ಹಟ.

ಹಾಯಿ, ಕೂವೆಮರ (ಹಾಯಿ ಹೊರುವ ನೆಟ್ಟನೆಯ ಕಂಬ), ಚುಕ್ಕಾಣಿ, ಲಂಗರು, ಇಷ್ಟು ಸಲೀಸಾಗಿ ಆಯಿತು. ಆಮೇಲೆ ಹಗ್ಗಗಳ ಕಾಟ ಶುರು! ಶೀಟ್ ಅಂದರೆ ಹಾಯಿ ಬಟ್ಟೆ ಅಂದುಕೊಂಡು ಚೀಟಿ ಅಂಟಿಸಿಯೂ ಬಿಟ್ಟಿದ್ದೆ. ನೋಡಿದರೆ ಅದು ಹಾಯಿಯ ಕೆಳಮೂಲೆಯನ್ನು ಬಿಗಿಯುವ ಹಗ್ಗ. ಹಾಯಿ ಮೇಲೇರಿಸುವ ಹಗ್ಗ ಹ್ಯಾಲ್ಯಾರ್ಡ್. ಕೂವೆಮರ ಪಕ್ಕಕ್ಕೆ ವಾಲದಂತೆ ಎರಡೂ ಬದಿಗೆ ಎಳೆದು ಕಟ್ಟಿದ್ದು ಶ್ರೌಡ್. ಅದಕ್ಕೆ ಅಡ್ಡಡ್ಡ ಕಟ್ಟಿದ ರ‍್ಯಾಟ್‌ಲೈನ್ ಮೇಲೆ ಕಾಲಿಟ್ಟು ನಾವಿಕರು ಮೇಲಕ್ಕೆ ಹತ್ತುತ್ತಿದ್ದರು. ನಾವು ಹೊಲಿಗೆ ದಾರದಲ್ಲಿ ಕಟ್ಟುತ್ತಿದ್ದೇವೆ, ನನ್ನ ಬೆರಳಿಗೇ ಜಾಸ್ತಿ ಗಂಟು ಬಿದ್ದಿದೆ.

ಎಲ್ಲದಕ್ಕೂ ಸುಮ್ನೆ ‘ಹಗ್ಗ’ ಅಂತ ಬರೆದರೆ ಚೆನ್ನಾಗಿರಲ್ಲ ಅಲ್ವಾ? ನಿಘಂಟು ನೋಡಿ ಹೊಸ ಪದ ಕಟ್ಟುವುದು ನನಗಿಷ್ಟವಿಲ್ಲ. ಮಂಗಳೂರು, ಮಲ್ಪೆ, ಭಟ್ಕಳ, ಕಾರವಾರದ ಕಡೆಯವರು ಯಾರಾದರೂ ಇದ್ದೀರಾ? ನಿಮ್ಮ ಅಜ್ಜಂದಿರು ಮಂಜಿಗಳಲ್ಲಿ (ಕರಾವಳಿಯ ಸರಕಿನ ಹಾಯಿಹಡಗು) ಹಾಯಿ ಬಿಚ್ಚುವಾಗ ಏನೇನು ಹೆಸರು ಹೇಳುತ್ತಿದ್ದರು? ತುಳು, ಕೊಂಕಣಿ ಪದವಾದರೂ ಸರಿ. ಹಾಯಿ ತೂಗುಹಾಕುವ ಅಡ್ಡಮರ ಮತ್ತು ಮೂತಿಯಿಂದ ಮುಂದಕ್ಕೆ ಚಾಚಿರುವ ಉದ್ದನೆ ಮರ, ಇವೆರಡರ ಹೆಸರು ಮೊದಲು ಬೇಕು. ಶುಕ್ರವಾರ ಪ್ರದರ್ಶನ.