ಮುಂದಿನ ಶಾಕ್‌ನಿಂದ ಎಣ್ಣೆ ಸೋರುವ ಕುರಿತು ಅಳಿಯನಿಗೆ ಉತ್ತರ

ಅಳಿಯ, ನಿನ್ನ ಪಲ್ಸರ್ 150 ಬೈಕಿನ ಮುಂದಿನ ಶಾಕ್‌ನಲ್ಲಿ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರಿನಲ್ಲಿ) ಬ್ರೇಕ್ ಡಿಸ್ಕ್ ಇರುವ ಬದಿಗೇ ಎಣ್ಣೆ ಸೋರುತ್ತಿದೆಯೆಂದೂ, ಗ್ಯಾರೇಜಿನವರು ಎರಡೂ ಶಾಕ್‌ಗಳನ್ನು ಪೂರ್ತಿ ಹೊಸದಾಗಿ ಹಾಕಿಸಬೇಕು ಎಂದರೆಂದೂ, ಭಾನುವಾರ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಕುಂದಾಪುರದಿಂದ ಶೃಂಗೇರಿಗೆ ಹೊರಡಬೇಕೆಂದೂ ನಿನ್ನೆ ಬರೆದಿದ್ದೀಯ. ಎಲ್ಲರೂ ಕೇಳಿದ್ದರಿಂದ ಇಲ್ಲಿಯೇ ವಿವರವಾಗಿ ಹೇಳುತ್ತೇನೆ.

ಶಾಕ್‌ಗಿಂತ ಮೊದಲು ಬ್ರೇಕ್ ನೋಡು. ಶಾಕ್‌ನ ಪೈಪಿನಿಂದ ಇಳಿದ ಎಣ್ಣೆ, ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ಮೇಲೆ ಬಿದ್ದು ಬ್ರೇಕ್ ಪ್ಯಾಡಿಗೆ ಹೀರಿಕೊಂಡಿದ್ದರೆ, ಅದನ್ನು ಪೆಟ್ರೋಲಿನಲ್ಲಿ ತೊಳೆದು ಉಜ್ಜಿ ಮತ್ತೆ ಹಾಕುವುದು ಬೇಡ. ಪ್ಯಾಡ್ ಹೊಸದೇ ಆಗಬೇಕು, ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಕು. ವಾಪಸು ಬರುತ್ತ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಮುಂದಿನ ಬ್ರೇಕ್ ಜಾರಿದರೆ ಏನಾಗುತ್ತದೆಂದು ನಿನಗೆ ಹೇಳಬೇಕಾಗಿಲ್ಲ.

ಇನ್ನು ಶಾಕ್‌ನ ವಿಷಯ. ಆಯಿಲ್ ಸೀಲ್ ಎಂಬುದು ರಬ್ಬರಿನ ಒಂದು ಉಂಗುರ. ಅದರ ತೆಳುವಾದ ತುಟಿ ಕ್ರೋಮ್ ಪೈಪನ್ನು ಅಪ್ಪಿ ಹಿಡಿದಿರುವವರೆಗೆ ಎಣ್ಣೆ ಒಳಗೇ ನಿಲ್ಲುತ್ತದೆ. ಆದ್ದರಿಂದ ಸೀಲ್ ಎಷ್ಟೇ ಒಳ್ಳೆಯದಿದ್ದರೂ ಪೈಪ್ ನುಣುಪಾಗಿಲ್ಲದಿದ್ದರೆ ಪ್ರಯೋಜನವಿಲ್ಲ. ನಿಮ್ಮ ಕಡಲತಡಿಯ ಉಪ್ಪುಗಾಳಿಗೆ ಕ್ರೋಮಿನ ಮೇಲೆ ಸಾಸಿವೆ ಕಾಳಿಗಿಂತಲೂ ಸಣ್ಣ ತುಕ್ಕಿನ ಗುಳಿಗಳು ಬೀಳುತ್ತವೆ, ಗಾಡಿ ಪ್ರತಿ ಸಲ ಕುಪ್ಪಳಿಸಿದಾಗಲೂ ಅವು ಸೀಲಿನ ತುಟಿಯನ್ನು ಹೆರೆಯುತ್ತವೆ. ಪೈಪನ್ನು ಒರೆಸಿ, ಸೀಲ್ ಮೇಲೆ ಕೆಳಗೆ ಆಡುವ ಜಾಗದಲ್ಲಿ ಸುತ್ತಲೂ ಉಗುರು ಎಳೆದು ನೋಡು. ಉಗುರು ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ, ಪೈಪ್ ಬಾಗಿಯೂ ಇಲ್ಲದಿದ್ದರೆ, ಸೀಲ್ ಮಾತ್ರ ಬದಲಿಸಿದರೆ ಸಾಕು, ಇಡೀ ಶಾಕ್ ಬೇಡ. ಸಿಕ್ಕಿಕೊಂಡರೆ ಆ ಪೈಪನ್ನೂ ಬದಲಿಸಬೇಕು. ನಾನೊಮ್ಮೆ ಗುಳಿಬಿದ್ದ ಪೈಪಿಗೆ ವಾಟರ್ ಪೇಪರ್ (ನಯವಾದ ಉಜ್ಜುಕಾಗದ) ಉಜ್ಜಿ ಹೊಸ ಸೀಲ್ ಹಾಕಿದ್ದೆ. ಮೂರೇ ವಾರಕ್ಕೆ ಮತ್ತೆ ಎಣ್ಣೆ ಬಂತು, ಎರಡನೆಯ ಸಲ ಎಲ್ಲವನ್ನೂ ಬಿಚ್ಚಬೇಕಾಯಿತು.

ಬಿಚ್ಚುವ ಮುನ್ನ ಒಂದು ಪ್ರಯತ್ನ ಮಾಡಬಹುದು. ಸೀಲ್ ಹರಿಯದೆ, ಬರೀ ಕೆಸರಿನ ಕಣ ಸಿಕ್ಕಿಕೊಂಡಿದ್ದರೂ ಎಣ್ಣೆ ಸೋರುತ್ತದೆ. ಆಯಿಲ್ ಸೀಲಿನ ಮೇಲೆ ಧೂಳು ತಡೆಯಲು ಇರುವ ಡಸ್ಟ್ ಸೀಲನ್ನು ಮೆಲ್ಲಗೆ ಮೇಲೆ ಸರಿಸಿ, ಹಳೆಯ ಎಕ್ಸ್‌ರೇ ಹಾಳೆಯನ್ನು ಸಣ್ಣ ಕೊಕ್ಕೆಯಾಕಾರಕ್ಕೆ ಕತ್ತರಿಸಿ, ಪೈಪಿಗೂ ಸೀಲಿಗೂ ನಡುವೆ ತೂರಿಸಿ ಒಂದು ಸುತ್ತು ತಿರುಗಿಸಿದರೆ ಕೊಳೆ ಹೊರಬರುತ್ತದೆ. ಆಮೇಲೆ ಒರೆಸಿ, ಮುಂದಿನ ಬ್ರೇಕ್ ಹಿಡಿದು ಹತ್ತಿಪ್ಪತ್ತು ಸಲ ಹ್ಯಾಂಡಲ್ ಅದುಮಿ ನೋಡು. ಪೈಪಿನ ಮೇಲೆ ಮತ್ತೆ ಎಣ್ಣೆಯ ಉಂಗುರ ಮೂಡಿದರೆ ಸೀಲ್ ಹೋಗಿದೆ ಎಂದೇ ಅರ್ಥ.

ಸೀಲ್ ಕೊಳ್ಳುವಾಗ ಗಾಡಿಯ ಮಾದರಿಯನ್ನು ಸರಿಯಾಗಿ ಹೇಳು: ಒಂದೇ ಡಿಸ್ಕ್ ಇರುವ 150ರ ಪೈಪ್ 31 ಮಿಲಿಮೀಟರ್, 2018ರಲ್ಲಿ ಬಂದ ಎರಡು ಡಿಸ್ಕ್‌ಗಳ ಮಾದರಿಯದ್ದು 37. ಸೋರುವುದು ಒಂದೇ ಬದಿಯಾದರೂ ಎರಡೂ ಬದಿಗೆ ಹಾಕಿಸು, ಎಣ್ಣೆಯನ್ನೂ ಎರಡರಲ್ಲೂ ಬದಲಿಸಿ ಕೈಪಿಡಿಯಲ್ಲಿರುವ ಅಳತೆಗೆ ಸಮನಾಗಿ ತುಂಬಿಸು. ಹೆಚ್ಚಾದರೆ ಒಳಗಿನ ಒತ್ತಡ ಏರಿ ಹೊಸ ಸೀಲೂ ಸೋರುತ್ತದೆ. ಕೆಲಸ ನಡೆಯುವಾಗ ಹತ್ತಿರವೇ ನಿಂತಿರು. ಮೇಲಿನ ಬೋಲ್ಟಿನ ಕೆಳಗೆ ಸ್ಪ್ರಿಂಗ್ ಅದುಮಿ ಕುಳಿತಿರುವುದರಿಂದ, ಕೊನೆಯ ಸುತ್ತಿನಲ್ಲಿ ಅದು ಚಿಮ್ಮುವ ದಾರಿಗೆ ಯಾರೂ ಮುಖ ಒಡ್ಡಬಾರದು. ಹೊಸ ಸೀಲನ್ನು ಪೈಪಿಗೆ ಇಳಿಸುವಾಗ ಪೈಪಿನ ತುದಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಎಣ್ಣೆ ಸವರಿದರೆ ತುಟಿ ಹರಿಯುವುದಿಲ್ಲ. ಸೀಲಿನ ಒಳಗಿರುವ ಸಣ್ಣ ಸ್ಪ್ರಿಂಗ್ ಕಾಣುವ ಬದಿ ಕೆಳಗೆ, ಎಣ್ಣೆಯ ಕಡೆಗೆ ಇರಬೇಕು. ಸ್ಕ್ರೂಡ್ರೈವರಿನಿಂದ ಒಂದೊಂದೇ ಬದಿಗೆ ಹೊಡೆದು ಕೂರಿಸಲು ಬಿಡಬೇಡ. ಅಳತೆಗೆ ಹೊಂದುವ ಪಿವಿಸಿ ಪೈಪಿನಿಂದ ಸಮನಾಗಿ ತಟ್ಟಬೇಕು, ನಂತರ ಸೀಲನ್ನು ಹಿಡಿದಿಡುವ ಲಾಕ್ (ತಂತಿಯ ಉಂಗುರ) ತನ್ನ ತೋಡಿನಲ್ಲಿ ಸುತ್ತಲೂ ಕುಳಿತಿದೆಯೇ ಎಂದು ನೋಡಬೇಕು. ಶಾಕ್‌ನ ಕೆಳತುದಿಯ ಎಲನ್ ಬೋಲ್ಟಿನ ತಾಮ್ರದ ವಾಷರನ್ನೂ ಹೊಸದಾಗಿ ಹಾಕಿಸು, ಇಲ್ಲದಿದ್ದರೆ ಅಲ್ಲಿಂದ ಜಿನುಗಬಹುದು. ಎಲ್ಲ ಮುಗಿದ ಮೇಲೆ, ಗಾಡಿ ಕದಲಿಸುವ ಮೊದಲು ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಅದುಮಬೇಕು.

ಇಂದು ಸಂಜೆ ಬೆಳಕಿರುವಾಗಲೇ ಪೈಪಿನ ಫೋಟೊಗಳನ್ನು ಹತ್ತಿರದಿಂದ ತೆಗೆದು ಇಲ್ಲಿ ಹಾಕು, ನೋಡಿ ಹೇಳುತ್ತೇನೆ. ಶನಿವಾರದೊಳಗೆ ಕೆಲಸ ಮುಗಿಯದಿದ್ದರೆ ಅಕ್ಕನನ್ನು ಬಸ್ಸಿನಲ್ಲಿಯೇ ಕರೆದುಕೊಂಡು ಹೋಗು.