ಖಡಕ್ ರೊಟ್ಟಿ ಕಳಿಸಬೇಕು, ಜೊತೆಗೆ ಕಸ ಹೋಗಬಾರದು. ಏನು ಮಾಡಲಿ?

ಗಿರಿನಗರದ ರೊಟ್ಟಿ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಗಿರಿನಗರದಲ್ಲಿ ಮನೆಯಿಂದಲೇ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾರುತ್ತೇನೆ. ಊರು ಬಾಗಲಕೋಟೆ ಕಡೆ. ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಾರೆ. ಆರ್ಡರ್ ತಗೊಳ್ಳೋದು, ಪ್ಯಾಕ್ ಮಾಡೋದು, ಆಪ್‌ನಲ್ಲಿ ಬೈಕ್ ಬುಕ್ ಮಾಡಿ ಕಳಿಸೋದು ನನ್ನ ಪಾಲು. ದಿನಕ್ಕೆ ಎಂಟು, ಹತ್ತು ಪಾರ್ಸೆಲ್ ಹೋಗುತ್ತದೆ.

ಹೋದ ವಾರ ವೈಟ್‌ಫೀಲ್ಡ್‌ನ ಒಬ್ಬ ಗಿರಾಕಿ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಒಂದು ಕಡೆ ತಟ್ಟೆಯಲ್ಲಿ ನನ್ನ ಇಪ್ಪತ್ತು ರೊಟ್ಟಿ. ಪಕ್ಕದಲ್ಲಿ ಬಬಲ್ ಶೀಟು, ಥರ್ಮಾಕೋಲ್ ಹಲಗೆ ಎರಡು, ಪ್ಲಾಸ್ಟಿಕ್ ಕವರ್, ರಟ್ಟಿನ ಡಬ್ಬ, ಬ್ರೌನ್ ಟೇಪಿನ ಒಂದು ಉಂಡೆ. ಕೆಳಗೆ, "ರೊಟ್ಟಿ ಸೂಪರ್ ಅಕ್ಕ. ಆದರೆ ಕಸದ ಗುಡ್ಡೆ ರೊಟ್ಟಿಗಿಂತ ಎತ್ತರ ಇದೆ" ಅಂತ ಬರೆದಿದ್ದರು. ಮೊದಲು ನಗು ಬಂತು. ಆಮೇಲೆ ರಾತ್ರಿಯೆಲ್ಲಾ ಅದೇ ತಲೆಯಲ್ಲಿ.

ನನ್ನ ಕಷ್ಟ ಇಷ್ಟೇ. ಖಡಕ್ ರೊಟ್ಟಿ ಹಪ್ಪಳದ ಜಾತಿ. ಬೈಕ್ ಒಂದು ಗುಂಡಿಗೆ ಇಳಿದರೆ ಸಾಕು, ಚೂರು. ನಮ್ಮ ಬೆಂಗಳೂರಲ್ಲಿ ಗುಂಡಿಗೇನು ಬರವೇ? ಚೂರಾದರೆ ದುಡ್ಡು ವಾಪಸ್ ಕೊಡಬೇಕು. ಆ ಹೆದರಿಕೆಗೆ ಸುತ್ತಿದ್ದೇ ಸುತ್ತಿದ್ದು.

ಇನ್ನೊಂದು ವಿಷಯ. ಅದೇ ದಿನ ವೈಟ್‌ಫೀಲ್ಡ್ ಕಡೆಗೇ ಮೂರು ಪಾರ್ಸೆಲ್ ಇತ್ತು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಮೂರು ಬೈಕು, ಒಂದೊಂದೂ 25 ಕಿ.ಮೀ. ಹತ್ತಿರ ಓಡಿದೆ. ಒಂದು ಕೆಜಿ ರೊಟ್ಟಿಗೆ! ತಿಂಗಳು ಇಟ್ಟರೂ ಕೆಡದ ಪದಾರ್ಥ ಅದು. ಎರಡು ದಿನ ತಡವಾದರೆ ಯಾರಿಗೂ ನಷ್ಟವಿಲ್ಲ. ಆಪ್ ಇದೆ ಅಂತ ಸುಮ್ನೆ ಓಡಿಸುತ್ತಿದ್ದೇನೆ ಅನಿಸಿತು. ಪ್ಯಾಕಿಂಗ್ ಗೊತ್ತಿರುವವರು, ಬೈಕ್ ಓಡಿಸುವವರು ಯಾರಾದರೂ ಇದ್ದರೆ ಹೇಳಿ. ದೊಡ್ಡ ಕಂಪನಿಗಳ ಭಾಷಣ ಬೇಡ, ನನ್ನ ಅಡುಗೆಮನೆಗೆ ಆಗುವಂಥದ್ದು ಬೇಕು.

ಎರಡು ಗಾಲಿ:

ಅಕ್ಕಾ, ನಾನು ಪಾರ್ಸೆಲ್ ಬೈಕ್ ಓಡಿಸುವವನೇ. ನೀವು 25 ಕಿ.ಮೀ. ಅಂದಿರಿ. ನಮ್ಮ ಲೆಕ್ಕ ಬೇರೆ. ನಿಮ್ಮ ಮನೆ ಬಾಗಿಲಿಗೆ ಬರುವುದಕ್ಕೇ ಎರಡು, ಮೂರು ಕಿ.ಮೀ. ಖಾಲಿ ಬರುತ್ತೇವೆ. ವೈಟ್‌ಫೀಲ್ಡ್‌ನಲ್ಲಿ ಇಳಿಸಿದ ಮೇಲೆ ಅಲ್ಲಿಂದ ಆರ್ಡರ್ ಬೀಳದಿದ್ದರೆ ವಾಪಸ್ಸೂ ಖಾಲಿ. ಆ ಖಾಲಿ ಓಟಕ್ಕೆ ನಮಗೆ ಯಾರೂ ಕಾಸು ಕೊಡಲ್ಲ. ಪೆಟ್ರೋಲ್ ಮಾತ್ರ ಸುಡುತ್ತದೆ.

ಮೊದಲು ನನ್ನದು ಪೆಟ್ರೋಲ್ ಸ್ಕೂಟರ್. ದಿನಕ್ಕೆ 120 ಕಿ.ಮೀ., ಮೈಲೇಜ್ 45. ಎರಡೂಮುಕ್ಕಾಲು ಲೀಟರ್ ಹತ್ತಿರ ಬೇಕಿತ್ತು. ಲೀಟರಿಗೆ ನೂರರ ಮೇಲೆ, ನೀವೇ ಗುಣಿಸಿಕೊಳ್ಳಿ. ಈಗ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡಿದ್ದೇನೆ. ಬ್ಯಾಟರಿ ಇಳಿದರೆ ಸ್ವಾಪ್ ಸ್ಟೇಷನ್‌ಗೆ ಹೋಗಿ ಖಾಲಿಯದು ಇಟ್ಟು, ತುಂಬಿದ್ದು ಎತ್ತಿಕೊಂಡು ಹೊರಡುತ್ತೇನೆ. ಟೀ ಕುಡಿಯುವಷ್ಟೂ ಹೊತ್ತಾಗಲ್ಲ. ನನ್ನ ರೂಮು ಮೂರನೇ ಮಹಡಿ, ಗಾಡಿ ನಿಲ್ಲೋದು ಬೀದಿಯಲ್ಲಿ. ಮನೆಯಲ್ಲೇ ಚಾರ್ಜ್ ಮಾಡಬೇಕು ಅಂತಿದ್ದರೆ ನಾನು ಎಲೆಕ್ಟ್ರಿಕ್ ಹತ್ತಿರ ಹೋಗುತ್ತಲೇ ಇರಲಿಲ್ಲ. ನನ್ನಂಥವರು ಎಷ್ಟೋ ಜನ ಇದೇ ಕಾರಣಕ್ಕೆ ಇನ್ನೂ ಪೆಟ್ರೋಲ್‌ನಲ್ಲೇ ಇದ್ದಾರೆ.

ನೀವು ಮಾಡಬಹುದಾದ್ದು: ಒಂದು ದಿಕ್ಕಿನ ಪಾರ್ಸೆಲ್ಲನ್ನು ಒಂದೇ ಸಲ ಕೊಡಿ. ಕೆಲವು ಆಪ್‌ಗಳಲ್ಲಿ ಒಂದೇ ಬುಕಿಂಗ್‌ಗೆ ಮೂರು, ನಾಲ್ಕು ಡ್ರಾಪ್ ಹಾಕಬಹುದು. ನಿಮಗೂ ಕಡಿಮೆ ಬೀಳುತ್ತದೆ, ನಮಗೂ ತಲೆನೋವಿಲ್ಲ. ಆಮೇಲೆ ಲೊಕೇಶನ್. ದಯವಿಟ್ಟು ಗಿರಾಕಿ ಹತ್ತಿರ ಸರಿಯಾದ ಲೊಕೇಶನ್ ತರಿಸಿಕೊಳ್ಳಿ. "ಗಣೇಶನ ಗುಡಿ ಹತ್ತಿರ" ಅಂತ ಬರೆಯುತ್ತಾರೆ. ಈ ಊರಲ್ಲಿ ಗಣೇಶನ ಗುಡಿ ಇಲ್ಲದ ಬೀದಿ ಯಾವುದು ಹೇಳಿ? ಸುತ್ತಿ ಸುತ್ತಿ ಅರ್ಧ ಬ್ಯಾಟರಿ ಅಲ್ಲೇ ಹೋಗುತ್ತದೆ.

ಅನುಮಾನಪ್ಪ:

ಎಲೆಕ್ಟ್ರಿಕ್ ಎಲೆಕ್ಟ್ರಿಕ್ ಅಂತೀರಿ. ಕರೆಂಟ್ ಎಲ್ಲಿಂದ ಬರುತ್ತದೆ ಸ್ವಾಮಿ? ರಾಯಚೂರಲ್ಲಿ ಕಲ್ಲಿದ್ದಲು ಸುಟ್ಟೇ ಅಲ್ವಾ? ಹೊಗೆ ಇಲ್ಲಿಂದ ಅಲ್ಲಿಗೆ ಹೋಯಿತು, ಅಷ್ಟೇ.

ಎರಡು ಗಾಲಿ:

ಅಣ್ಣಾ, ಇದೇ ಪ್ರಶ್ನೆ ನನಗೂ ಇತ್ತು. ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿ ಕೂತು ಲೆಕ್ಕ ಹಾಕಿಕೊಟ್ಟಳು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್. ಅಂದರೆ ನನ್ನ ಹಳೇ ಗಾಡಿ ದಿನಕ್ಕೆ 6 ಕೆಜಿ ಬಿಡುತ್ತಿತ್ತು. ಈಗಿನದು ಅಷ್ಟೇ ದೂರಕ್ಕೆ ಮೂರೂವರೆ ಯೂನಿಟ್ ತಿನ್ನುತ್ತದೆ. ಕಲ್ಲಿದ್ದಲೂ ಸೇರಿದಂತೆ ದೇಶದ ಸರಾಸರಿ ಹಿಡಿದು ಯೂನಿಟ್ಟಿಗೆ 0.7 ಕೆಜಿ ಅಂದುಕೊಂಡರೂ ಎರಡೂವರೆ ಕೆಜಿ. ಅದೂ ಅಲ್ಲದೆ ನಮ್ಮ ರಾಜ್ಯಕ್ಕೆ ರಾಯಚೂರೊಂದೇ ಅಲ್ಲ. ಶರಾವತಿ ಇದೆ, ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಆದರೆ ಅಕ್ಕನ ಮೂರು ಟ್ರಿಪ್ ಒಂದಾದರೆ ಉಳಿಯುವಷ್ಟು ಗಾಡಿ ಬದಲಾಯಿಸಿದರೂ ಉಳಿಯಲ್ಲ. ಅದನ್ನೂ ಅವಳೇ ಹೇಳಿದಳು.

ರಟ್ಟು ಮಾಸ್ತರ:

ಪೀಣ್ಯದ ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು ನಾನು. ಅಮ್ಮಾ, ನಿಮ್ಮ ರೊಟ್ಟಿ ಒಡೆಯುವುದು ಸುತ್ತಿದ್ದು ಕಡಿಮೆಯಾಗಿ ಅಲ್ಲ. ಒಳಗೆ ಜಾಗ ಇರುವುದರಿಂದ. ಜಾಗ ಇದ್ದರೆ ರೊಟ್ಟಿ ಜಿಗಿಯುತ್ತದೆ, ಜಿಗಿದರೆ ಒಡೆಯುತ್ತದೆ. ರೊಟ್ಟಿಯ ಅಳತೆಗೆ ದುಂಡಗೆ ಎರಡು ರಟ್ಟು ಕತ್ತರಿಸಿ. ಆಹಾರಕ್ಕೆ ಬಳಸುವ ಬಿಳಿ ಕಾಗದದಲ್ಲಿ ರೊಟ್ಟಿ ಸುತ್ತಿ (ನ್ಯೂಸ್‌ಪೇಪರ್ ಬೇಡ, ಮಸಿ ಅಂಟುತ್ತದೆ), ಮೇಲೊಂದು ಕೆಳಗೊಂದು ರಟ್ಟು ಇಟ್ಟು, ನೂಲಿನ ದಾರದಲ್ಲಿ ಅಡ್ಡ, ಉದ್ದ ಬಿಗಿಯಾಗಿ ಕಟ್ಟಿ. ಇಪ್ಪತ್ತು ರೊಟ್ಟಿ ಒಂದು ಮರದ ಮಣೆ ಥರ ಗಟ್ಟಿಯಾಗುತ್ತದೆ. ಡಬ್ಬದ ನಾಲ್ಕು ಮೂಲೆಗೆ ಹಳೇ ರಟ್ಟನ್ನೇ ಸಣ್ಣಗೆ ಹರಿದು ತುಂಬಿ. ಅಷ್ಟು ಸಾಕು.

ಡಬ್ಬ ಚಿಕ್ಕದಾದರೆ ಇನ್ನೊಂದು ಲಾಭ ಇದೆ. ಹೊರ ಊರಿನ ಕೊರಿಯರ್‌ನವರು ತೂಕ ಮಾತ್ರ ನೋಡಲ್ಲ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದದ್ದು ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ಬಿಲ್. 30, 30, 20ರ ಡಬ್ಬ ಅಂದರೆ 3.6 ಕೆಜಿ. ಒಳಗಿರುವುದು ಒಂದು ಕೆಜಿ ರೊಟ್ಟಿ! 28, 28, 12 ಮಾಡಿದರೆ ಎರಡು ಕೆಜಿಯೊಳಗೆ ಮುಗಿಯುತ್ತದೆ. ಗಾಳಿಗೆ ಬಾಡಿಗೆ ಕಟ್ಟಬೇಡಿ.

ಥರ್ಮಾಕೋಲ್ ಇವತ್ತೇ ನಿಲ್ಲಿಸಿ. ಗುಜರಿಯವನೂ ಮುಟ್ಟಲ್ಲ ಅದನ್ನು. ತೂಕ ಇಲ್ಲ, ಜಾಗ ತಿನ್ನುತ್ತದೆ. ರಟ್ಟಾದರೆ ಕೈಗೆ ನಾಲ್ಕು ಕಾಸು ಕೊಟ್ಟು ಒಯ್ಯುತ್ತಾನೆ, ಒದ್ದೆ ಆಗಿರಬಾರದು ಅಷ್ಟೇ. ಬ್ರೌನ್ ಟೇಪ್ ಬದಲು ಕಾಗದದ ಟೇಪ್ ಹಚ್ಚಿ.

ಹುಬ್ಬಳ್ಳಿ ಮಂದಿ:

ಅಕ್ಕಾರ, ಬೆಂಗಳೂರಿನ ಹೊರಗೆ ಕಳಿಸುವುದಿದ್ದರೆ ಬಸ್ಸಿಗೆ ಹಾಕಿ. ನಮ್ಮ ಕಡೆ ಮೊದಲಿನಿಂದಲೂ ಇದೇ ರೂಢಿ. ಸಾರಿಗೆ ನಿಗಮದ "ನಮ್ಮ ಕಾರ್ಗೋ" ಪಾರ್ಸೆಲ್ ಸೇವೆ 2021ರಲ್ಲಿ ಶುರುವಾಯಿತು. ಪಾರ್ಸೆಲ್ ಇರಲಿ ಬಿಡಲಿ, ಬಸ್ಸು ಹೇಗಿದ್ದರೂ ಹೋಗುವುದೇ. ನಿಮ್ಮ ಡಬ್ಬಕ್ಕಾಗಿ ಬೇರೆ ಎಂಜಿನ್ ತಿರುಗಬೇಕಿಲ್ಲ. ಒಂದೇ ಮಾತು. ಗಿರಾಕಿ ಬಸ್ ಸ್ಟ್ಯಾಂಡಿಗೆ ಬಂದು ತಗೋಬೇಕು. ಅದಕ್ಕೋಸ್ಕರವೇ ಕಾರು ತೆಗೆದುಕೊಂಡು ಎಂಟು ಕಿ.ಮೀ. ಬಂದರೆ ಉಳಿಸಿದ್ದೆಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗೆ. ದಿನಾ ಆ ದಾರಿಯಲ್ಲಿ ಓಡಾಡುವವರಿಗೆ ಮಾತ್ರ ಹೇಳಿ.

ಅನುಮಾನಪ್ಪ:

ತಂಗಿಯ ಲೆಕ್ಕ ಒಪ್ಪಿದೆ. ಆದರೂ ರೊಟ್ಟಿ ಮಾರುವವರ ತಲೆಗೇ ಎಲ್ಲಾ ಭಾರ ಯಾಕೆ? ದೆಹಲಿ ಸರ್ಕಾರ 2023ರಲ್ಲಿ ನಿಯಮ ತಂದಿದೆ. 25 ಅಥವಾ ಅದಕ್ಕಿಂತ ಜಾಸ್ತಿ ಗಾಡಿ ಇರುವ ಡೆಲಿವರಿ ಕಂಪನಿಗಳು 2030ರ ಏಪ್ರಿಲ್ 1ರೊಳಗೆ ಎಲ್ಲಾ ಗಾಡಿ ಎಲೆಕ್ಟ್ರಿಕ್ ಮಾಡಬೇಕು. ನಮ್ಮ ಕರ್ನಾಟಕ 2017ರಲ್ಲೇ ದೇಶದಲ್ಲಿ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ಮಾಡಿದ ರಾಜ್ಯ. ನೀತಿ ಬೇರೆ, ಕಟ್ಟುನಿಟ್ಟಿನ ಗಡುವು ಬೇರೆ. ಆಪ್‌ನವರು "ಬೇಗ ಬೇಕಾ" ಅಂತ ಕೇಳಿ ಜಾಸ್ತಿ ದುಡ್ಡು ತಗೊಳ್ಳುತ್ತಾರೆ. "ನಿಧಾನವಾದರೂ ಪರವಾಗಿಲ್ಲ" ಅನ್ನೋ ಬಟನ್ ಒಂದು ಇಟ್ಟು, ಹತ್ತು ರೂಪಾಯಿ ಕಮ್ಮಿ ಮಾಡಿದರೆ ಅರ್ಧ ಊರು ಅದನ್ನೇ ಒತ್ತುತ್ತದೆ.

ಗಿರಿನಗರದ ರೊಟ್ಟಿ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಮಾಡಿ ನೋಡಿ ಬರೆಯುತ್ತಿದ್ದೇನೆ.

ಅನುಮಾನಪ್ಪನವರೇ, ಆ ಬಟನ್ ನಾನೇ ಇಟ್ಟೆ. ಮಂಗಳವಾರ ವೈಟ್‌ಫೀಲ್ಡ್, ಮಾರತಹಳ್ಳಿ ಕಡೆ. ಶುಕ್ರವಾರ ಯಲಹಂಕ, ಹೆಬ್ಬಾಳ. ಆ ದಿನಕ್ಕೆ ಕಾಯುವವರಿಗೆ 30 ರೂಪಾಯಿ ಕಡಿಮೆ. ಹತ್ತರಲ್ಲಿ ಏಳು ಜನ ಕಾಯುತ್ತಾರೆ. ಉಳಿದ ಮೂವರದು "ಇವತ್ತು ಮನೆಗೆ ನೆಂಟರು". ನೆಂಟರ ವಿಷಯದಲ್ಲಿ ನಾನು ಮಾತಾಡಲ್ಲ.

ಮಾಸ್ತರೇ, ದಾರದ ಕಟ್ಟು ಕಲಿಯಲು ಎರಡು ದಿನ ಬೇಕಾಯಿತು. ಮೊದಲ ದಿನ ಬಿಗಿ ಜಾಸ್ತಿಯಾಗಿ ನಾನೇ ಕೈಯಾರೆ ಆರು ರೊಟ್ಟಿ ಮುರಿದೆ. ಈಗ ಸರಿಯಾಗಿದೆ, ಮೂರು ವಾರದಲ್ಲಿ ಚೂರಾಗಿದೆ ಅಂತ ಬಂದ ದೂರು ಎರಡೇ. ಥರ್ಮಾಕೋಲ್ ತರುವುದು ಬಿಟ್ಟೆ. ಕಾಗದದ ಟೇಪ್ ಮಳೆಯಲ್ಲಿ ಬಿಟ್ಟುಕೊಳ್ಳುತ್ತಿದೆ, ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಸದ್ಯಕ್ಕೆ ಮಳೆ ದಿನ ಬ್ರೌನ್ ಟೇಪೇ ಗತಿ.

ಗಿರಿನಗರ, ಬನಶಂಕರಿ, ಹನುಮಂತನಗರದವರಿಗೆ ಡಬ್ಬವೇ ಇಲ್ಲ. ಸ್ಟೀಲ್ ಡಬ್ಬಿಯಲ್ಲಿ ಕಳಿಸುತ್ತೇನೆ, 200 ರೂಪಾಯಿ ಡಿಪಾಸಿಟ್. ಮುಂದಿನ ಸಲ ರೊಟ್ಟಿ ತಂದವರ ಕೈಯಲ್ಲೇ ಹಳೇ ಡಬ್ಬಿ ವಾಪಸ್. ಹನ್ನೆರಡು ಡಬ್ಬಿ ಹೋಗಿತ್ತು, ಒಂಬತ್ತು ಬಂದಿದೆ. ಹನುಮಂತನಗರದ ಒಬ್ಬ ಅಜ್ಜಿ ಖಾಲಿ ಡಬ್ಬಿ ಕಳಿಸಬಾರದು ಅಂತ ಒಳಗೆ ಎರಡು ಅಚ್ಚು ಬೆಲ್ಲ ಹಾಕಿದ್ದರು. ತಂದುಕೊಟ್ಟ ಹುಡುಗ "ಅಕ್ಕಾ, ಏನೋ ಗಡಗಡ ಅಂತಿದೆ, ರೊಟ್ಟಿ ಒಡೀತೇನೋ" ಅಂತ ದಾರಿಯುದ್ದ ಹೆದರಿಕೊಂಡೇ ಬಂದಿದ್ದ. ಒಂದು ಅಚ್ಚು ಅವನಿಗೇ ಕೊಟ್ಟೆ.

ಎರಡು ಗಾಲಿಯವರೇ, ಮಂಗಳವಾರ ಬೆಳಗ್ಗೆ ಹತ್ತಕ್ಕೆ ಗಿರಿನಗರದ ಕಡೆ ಇದ್ದರೆ ಹೇಳಿ. ಈ ಸಲ ಐದು ಡ್ರಾಪ್ ಇದೆ, ಐದಕ್ಕೂ ಲೊಕೇಶನ್ ತರಿಸಿ ಇಟ್ಟಿದ್ದೇನೆ.